ಎರಡು ಕ್ಷ

ಗಣಿತದಲ್ಲಿ ಪದವಿ ಪಡೆದು, ತೀರ್ಥಹಳ್ಳಿಯಿಂದ ಬಸ್ಸು ಹತ್ತಿ ಬಂದು ಸಾಗರದ ಹೈಸ್ಕೂಲಿಗೆ ಸೇರಿದ ನನಗೆ ಹೆಡ್‌ಮಾಸ್ತರರು ಕೊಟ್ಟದ್ದು ಹುಡುಗಿಯರ ಹೊಲಿಗೆ ಪಾಠ. ಅದು ಅರವತ್ತರ ದಶಕ. ಹತ್ತನೇ ತರಗತಿಯ ಲೆಕ್ಕ ಹೆಂಗಸಿನ ಕೈಲಾಗದು ಎಂಬುದು ಅವರ ಎಣಿಕೆ. ನನಗೋ ಮೂಗಿನ ತುದಿಯಲ್ಲೇ ಕೋಪ. ದಿನಾ ಹೋಗಿ ಕೇಳಿ ಅವರ ತಲೆ ತಿಂದೆ. ಕೊನೆಗೆ, "ಒಂದು ಪಿರಿಯಡ್ ತಗೊಳ್ಳಿ. ನಾನು ಹಿಂದೆ ಕೂತು ನೋಡ್ತೀನಿ. ಸರಿಹೋಗದಿದ್ರೆ ಮತ್ತೆ ಈ ಮಾತು ಎತ್ತಬಾರದು," ಎಂದರು.

ಅಂದಿನ ಪಾಠ ವರ್ಗ ಸಮೀಕರಣ. ಸಮೀಕರಣ ಬರೆದುಕೊಟ್ಟರೆ ಮಕ್ಕಳು ಪಟಪಟನೆ ಬಿಡಿಸುತ್ತಿದ್ದರು. ಮಾತಿನಲ್ಲಿ ಹೇಳಿದ ಲೆಕ್ಕಕ್ಕೆ ತಾವೇ ಸಮೀಕರಣ ಕಟ್ಟುವುದು ಮಾತ್ರ ಕಬ್ಬಿಣದ ಕಡಲೆ. ನಾನು ಅದನ್ನೇ ಕೊಟ್ಟೆ: ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಹೂದೋಟ, ಅದರ ಹೊರಗೆ ಸುತ್ತಲೂ ಒಂದೇ ಅಗಲದ ಕಾಲುದಾರಿ, ದಾರಿಯ ವಿಸ್ತೀರ್ಣ ಇನ್ನೂರ ಹದಿನಾರು ಚದರ ಅಡಿ. ದಾರಿಯ ಅಗಲವೆಷ್ಟು?

ದಾರಿಯ ಅಗಲವನ್ನು ಕ್ಷ ಎಂದಿಟ್ಟುಕೊಂಡು, ತೋಟದ ಉದ್ದಕ್ಕೊಂದು ಕ್ಷ, ಅಗಲಕ್ಕೊಂದು ಕ್ಷ ಕೂಡಿಸಿದ ಇಡೀ ತರಗತಿ ನಾಲ್ಕು ಅಡಿ ಎಂದಿತು. ಸಮೀಕರಣವೂ ಬೆಣ್ಣೆಯಿಂದ ಕೂದಲು ತೆಗೆದಂತೆ ಬಿಡಿಸಿಕೊಂಡಿತ್ತು. ಹಿಂದಿನ ಬೆಂಚಿನಲ್ಲಿ ಹೆಡ್‌ಮಾಸ್ತರರೂ ತಲೆಯಾಡಿಸಿದರು.

ತಪ್ಪು ಎಂದು ನಾನೇ ಹೇಳಿಬಿಡಬಹುದಿತ್ತು. ಬಾಯಿ ಬಿಗಿಹಿಡಿದು ಬೋರ್ಡಿನ ಮೇಲೆ ತೋಟದ ಚಿತ್ರ ಬರೆದು, ಸುತ್ತಲೂ ದಾರಿ ಎಳೆದೆ.

"ದಾರಿ ನಾಲ್ಕಡಿ ಆದ್ರೆ ಹೊರಗಿನ ಉದ್ದ ಎಷ್ಟಾಯ್ತು?"

"ಮೂವತ್ನಾಕು," ಎಂದರು ಹಲವರು. ಹೊಲಿಗೆ ಪಾಠಕ್ಕೂ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

"ಅಲ್ಲ ಅಕ್ಕೋರೇ, ಮೂವತ್ತೆಂಟು. ಮೇಜಿನ ಬಟ್ಟೆಗೆ ಅಂಚು ಕೊಡೋವಾಗ ಆ ಬದಿಗೂ ಈ ಬದಿಗೂ ಕೊಡ್ತೀವಲ್ಲ. ಇಲ್ಲೂ ಎರಡು ಕ್ಷ ಬರ್ಬೇಕು."

ಅವಳೇ ಬಂದು ಬರೆದಳು. ಮೂವತ್ತಕ್ಕೂ ಇಪ್ಪತ್ತಕ್ಕೂ ಎರಡೆರಡು ಕ್ಷ ಕೂಡಿಸಿ, ಗುಣಿಸಿ, ತೋಟದ ಆರುನೂರು ಕಳೆದಳು. ಅಗಲ ಎರಡೇ ಅಡಿ ಬಂತು. ಚಿತ್ರದಲ್ಲಿ ಇಟ್ಟು ನೋಡಿದರೆ ಇನ್ನೂರ ಹದಿನಾರಕ್ಕೆ ಸರಿಹೊಂದಿತು. ಆಗ ನನಗಾದ ಹೆಮ್ಮೆ ಪದವಿ ಪಡೆದ ದಿನವೂ ಆಗಿರಲಿಲ್ಲ.

ಹೆಡ್‌ಮಾಸ್ತರರು ಎದ್ದು ಮುಂದೆ ಬಂದರು. "ನಾನೂ ನಾಲ್ಕು ಅಂತಲೇ ತಿಳ್ಕೊಂಡಿದ್ದೆ," ಎಂದು ಮಕ್ಕಳೆದುರೇ ಹೇಳಿದರು. ದೊಡ್ಡ ಮನುಷ್ಯ. ಹೊರಗೆ ಬಂದಮೇಲೆ, "ನಾಳೆಯಿಂದ ಹತ್ತನೇ ಕ್ಲಾಸಿನ ಲೆಕ್ಕ ನಿಮ್ಮದು. ಹೊಲಿಗೆಗೆ ಬೇರೆಯವರನ್ನ ನೋಡ್ತೀನಿ," ಎಂದರು.

"ಬೇಡ ಸಾರ್," ಎಂದೆ. "ನನ್ನ ಲೆಕ್ಕದ ಮಕ್ಕಳು ತಯಾರಾಗೋದು ಅಲ್ಲೇ."