ಒಂದು ಕಾಲಿನ ಚಪ್ಪಲಿ

ಚೆನ್ನೈನ ನಮ್ಮ ಕ್ಯಾಂಪಸ್ಸಿನಲ್ಲಿ ಅಂಬೇಡ್ಕರ್ ಜಯಂತಿಯ ಉಸ್ತುವಾರಿ ಪ್ರತಿ ವರ್ಷವೂ ತುಮಕೂರು ಕಡೆಯ ಹನುಮಂತಯ್ಯ ಮೇಷ್ಟ್ರದೇ, ಗೊಂದಲವೂ ಅವರದೇ. ಕುರ್ಚಿಗಳನ್ನು ವೇದಿಕೆಗೇರಿಸಿ, ಸಮಾನತೆ ಎಲ್ಲಿ ಬಂತೆಂದು ಇಳಿಸುತ್ತಾರೆ. ಹಿಂದೆ ಕೂತವರಿಗೆ ಭಾಷಣಕಾರರು ಕಾಣುವುದಿಲ್ಲವೆಂದು ಮತ್ತೆ ಏರಿಸುತ್ತಾರೆ. ಪ್ರತಿಮೆಯ ಮೆಟ್ಟಿಲ ಬಳಿ ಬಂದರಂತೂ ಮುಗಿಯಿತು: ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. "ಬಿಟ್ರೆ ಅಂಬೇಡ್ಕರ್ರನ್ನ ದೇವ್ರು ಮಾಡ್ದಂಗಾಯ್ತದೆ, ಅವ್ರಿಗದು ಸೇರ್ತಿರ್ಲಿಲ್ಲ. ಬಿಡ್ದಿದ್ರೆ ಮರ್ಯಾದೆ ಇಲ್ದಂಗೆ. ಏನ್ ಮಾಡ್ಲಿ ಹೇಳಪ್ಪ?" ಹಾರ ಹಿಡಿದು ನಿಂತ ತಮಿಳು ಹುಡುಗ "ಸೀಕ್ರಂ ಸಾರ್" ಎಂದು ಅವಸರಪಡಿಸುತ್ತ ಗೊಣಗುತ್ತಿದ್ದ. ಈ ಸಲ ನಾನೇ ಬೇಸತ್ತು, "ಕೈಲಿ ಹಿಡ್ಕೊಂಡು ಹತ್ತಿ ಸಾರ್" ಎಂದೆ. ಮೇಷ್ಟ್ರು ನನ್ನನ್ನೇ ನೋಡಿದರು. "ಊರಲ್ಲಿ ಗೌಡ್ರ ಬೀದಿ ದಾಟೋವಾಗ ನಮ್ಮಪ್ಪ ಹಂಗೇ ಹಿಡ್ಕೊಂಡು ಹೋಗ್ತಿದ್ದಿದ್ದು ಕಣಪ್ಪ" ಎಂದವರೇ, ಬಿಟ್ಟಿದ್ದ ಚಪ್ಪಲಿಯನ್ನೂ ಮೆಟ್ಟಿಕೊಂಡು ಟಪಟಪ ಸದ್ದು ಮಾಡುತ್ತ ಮೆಟ್ಟಿಲು ಹತ್ತಿದರು.