ಎತ್ತಿ ಹಾಕಬೇಕಾದ ಬಾಗಿಲು

ಮುಂಬಯಿಯ ಮುಲುಂಡಿನ ನಮ್ಮ ಬಿಲ್ಡಿಂಗಿನಲ್ಲಿ ಕೆಳಗಿನ ಮನೆಯವರು ಹಳೆಯ ಮೇಜಿಗೆ ಪಾಲಿಶ್ ಹಾಕಿಸುತ್ತಿದ್ದಾರೆ. ಸ್ಪಿರಿಟ್, ಅರಗಿನ ವಾಸನೆ ಮೆಟ್ಟಿಲು ಹತ್ತಿ ಬಂದಾಗ ನಾವು ಮೊದಲಿದ್ದ ದಾದರಿನ ಚಾಳಿನ ಎದುರುಮನೆ ರಾಯರು ನೆನಪಾದರು… ಅವರ ಅಂಗಿಗೂ ಸದಾ ಇದೇ ವಾಸನೆ.

ರಾಯರು ಮೈಸೂರಿನವರು, ಒಂಟಿ. ರೇಡಿಯೋ ಪೆಟ್ಟಿಗೆ, ಟೇಬಲ್ ಫ್ಯಾನುಗಳಿಗೆ ರೂಪ ಕೊಡುವುದು ಅವರ ಕೆಲಸ. ಐವತ್ತರ ದಶಕದ ನಡುವಿನ ಮಾತು. ಹೊಸದಾಗಿ ಕಾರು ತಯಾರಿಸಲು ಹೊರಟಿದ್ದ ಕಾರ್ಖಾನೆಯೊಂದು, ನಮ್ಮ ಜನಕ್ಕೆ ಒಪ್ಪುವ ಸಣ್ಣ ಕಾರಿಗೆ ನಕ್ಷೆ ಮಾಡಿಕೊಡಿ ಎಂದು ಅವರನ್ನು ಕರೆಯಿತು. ಇದ್ದ ನೌಕರಿ ಬಿಟ್ಟುಬಿಟ್ಟರು.

ಚಾಳಿನ ಅಂಗಳದಲ್ಲಿ ಹಲಗೆಗಳಿಂದ ಅರ್ಧ ಕಾರು ಕಟ್ಟಿ, ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಕೂರಿಸಿದರು. ನಾನಾಗ ಏಳು ತಿಂಗಳ ಬಸುರಿ.

"ನಾಚ್ಕೋಬೇಡಮ್ಮ. ನೆರಿಗೆ ಎಲ್ಲಿ ಸಿಕ್ಕೊಳ್ಳತ್ತೆ, ಸೊಂಟಕ್ಕೆ ಎಲ್ಲಿ ನೋವಾಗತ್ತೆ, ಇದ್ದಿದ್ದನ್ನ ಇದ್ದ ಹಾಗೇ ಹೇಳು" ಎಂದರು.

ನಾನು ಹೇಳಿದಂತೆಲ್ಲ ಬಾಗಿಲು ಅಗಲವಾಯಿತು, ಸೀಟು ಎತ್ತರವಾಯಿತು. ಅಷ್ಟು ಗಮನವಿಟ್ಟು ನನ್ನ ಮಾತನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಮಗು ಹುಟ್ಟಿ ಕೆಲವು ತಿಂಗಳಿಗೆ ಕಾರ್ಖಾನೆಯಲ್ಲಿ ತಗಡಿನ ಕಾರು ಸಿದ್ಧವಾಯಿತು. ಸೀರೆಯುಟ್ಟವರು ಹತ್ತಿಳಿಯುವುದನ್ನು ತೋರಿಸಲು ರಾಯರು ನನ್ನನ್ನೂ ನಮ್ಮ ಯಜಮಾನರನ್ನೂ ಕರೆದೊಯ್ದರು. ಮಗುವನ್ನೆತ್ತಿಕೊಂಡೇ, ಬಗ್ಗದೆ ಹತ್ತಿ ಕೂತೆ. ಮಾಲೀಕರ ಮುಖ ಅರಳಿತು. ಕಾರು ಹೊರಗಿನ ಹಳ್ಳದಿಣ್ಣೆಯ ಮೇಲೆ ನಾಲ್ಕು ಸುತ್ತು ಬಂತು. ಇಳಿದು ಬಾಗಿಲು ಹಾಕಿದೆ, ಅದು ಚೌಕಟ್ಟಿನಲ್ಲಿ ಕೂರಲಿಲ್ಲ. ಜೋತುಬಿದ್ದಿತ್ತು. ಕೈಕೊಟ್ಟು ಎತ್ತಿ ಹಾಕಿದೆ.

ಕಾರ್ಖಾನೆಯ ದೊಡ್ಡ ಇಂಜಿನಿಯರು ನೋಡಿಬಿಟ್ಟರು. "ಕ್ಯಾ ಹುವಾ, ಬಾಯಿ?" ಏನಾಯಿತಮ್ಮ ಎಂದು ಕೇಳಿದರು.

ಎತ್ತಿ ಹಾಕಬೇಕು ಎಂದೆ, ನನ್ನ ಹರಕು ಹಿಂದಿಯಲ್ಲಿ. ಇದ್ದಿದ್ದನ್ನು ಇದ್ದ ಹಾಗೇ.

ಅವರು ಮಾಲೀಕರ ಕಡೆ ತಿರುಗಿದರು. ರೇಡಿಯೋ ಪೆಟ್ಟಿಗೆ ರಸ್ತೆಯ ಗುಂಡಿಗೆ ಬಿದ್ದು ಎದ್ದು ಓಡಬೇಕಾಗಿಲ್ಲ, ಇದು ಹೊರಗಿನವರ ಕೆಲಸವಲ್ಲ ಎಂದರು.

"ಒಂದು ತಿಂಗಳು ಕೊಡಿ, ನಿಮ್ಮವರ ಜೊತೆ ನಿಂತು ಕಲೀತೀನಿ" ಎಂದು ರಾಯರು ಬೇಡಿಕೊಂಡರು. ಮಾಲೀಕರು ಇಂಜಿನಿಯರ ಜೊತೆ ಒಳಗೆ ನಡೆದರು. ಆ ಕಾರ್ಖಾನೆ ಆಮೇಲೆ ವಿದೇಶದ ಹಳೆಯ ಮಾದರಿಯೊಂದನ್ನೇ ತರಿಸಿಕೊಂಡಿತು.

ಲೋಕಲ್ ರೈಲಿನಲ್ಲಿ ಹಿಂತಿರುಗುವಾಗ ರಾಯರಿಗೆ ತಪ್ಪಾಯಿತು ಎಂದೆ.

"ನೀನು ಸುಳ್ಳು ಹೇಳಿದ್ದಿದ್ರೆ ಬೇಜಾರಾಗ್ತಿತ್ತಮ್ಮ. ಬಾಗಿಲು ಅಗಲ ಮಾಡ್ತಾ ಹೋದೆ, ಭಾರದ ಬಗ್ಗೆ ಯೋಚನೇನೇ ಮಾಡಲಿಲ್ಲ. ತಪ್ಪು ನಂದೇ."

ದಾದರ್ ಬಂದಾಗ ಮಗುವನ್ನು ತಾವೇ ಎತ್ತಿಕೊಂಡು ಇಳಿದರು.

ಹಳೆಯ ನೌಕರಿಗೆ ಬೇರೆಯವರು ಬಂದಿದ್ದರು. ರಾಯರು ಅಂಗಳದ ಕಾರನ್ನು ತಾವೇ ಬಿಚ್ಚಿ, ದಿನಕ್ಕೊಂದು ಹಲಗೆಯಂತೆ ಸ್ನಾನದ ನೀರಿನ ಒಲೆಗೆ ಹಾಕಿದರು. ಹಲಗೆ ಮುಗಿದ ವಾರ ಮೈಸೂರಿಗೆ, ತಂಗಿಯ ಮನೆಗೆ ಹೊರಟುಹೋದರು. ಅಲ್ಲಿಂದ ಒಂದೇ ಒಂದು ಕಾಗದ ಬಂತು. ಮಗು ನಡೆಯುತ್ತದೆಯೇ ಎಂದು ಕೇಳಿದ್ದರು, ಕಾರಿನ ಮಾತಿರಲಿಲ್ಲ. ಉತ್ತರ ಬರೆಯಲು ಕೂತೆ, ಬರೆದದ್ದನ್ನು ಹರಿದು ಹಾಕಿದೆ.

ಮರುವರ್ಷ ತವರಿಗೆ ಹೋದಾಗ ಮೈಸೂರಿನ ಆ ಮನೆ ಹುಡುಕಿಕೊಂಡು ಹೋದೆ. "ಅಣ್ಣ ತೀರಿಹೋಗಿ ಮೂರು ತಿಂಗಳಾಯ್ತು" ಎಂದರು ಅವರ ತಂಗಿ.

ಆ ದಿನ ಸುಮ್ಮನಿರಬಹುದಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ. ಸುಮ್ಮನಿದ್ದರೂ ಆ ಬಾಗಿಲು ಜೋಲುತ್ತಲೇ ಇತ್ತು… ಅದೂ ಗೊತ್ತು. ಗೊತ್ತಿದ್ದೂ ಏನೂ ಹಗುರಾಗಿಲ್ಲ.