ಚಕ್ರದ ಮೇಲಿನ ಕೆಂಚಮ್ಮ

ಹೆತ್ತೂರು ದಾಟಿ ವನಗೂರಿನ ಕಡೆ ಹೊರಟರೆ ಚೈತ್ರಶ್ರೀ ಎಂಬ ಬೆಳೆಗಾರ್ತಿಯ ತೋಟದ ಕಾಫಿ ಕಣ ಸಿಗುತ್ತದೆ. ಕಣದ ಮೂಲೆಯಲ್ಲಿ ನೀಲಿ ಬಣ್ಣದ ಹಳೇ ಟೆಂಪೋ ನಿಂತಿದ್ದರೆ ಕೆಂಚಮ್ಮ ಊರಲ್ಲಿದ್ದಾಳೆ ಅಂತ ಲೆಕ್ಕ. ಯಾಕೆಂದರೆ ಆ ಟೆಂಪೋನೇ ಅವಳ ಮನೆ. ಒಳಗೆ ಮಂಚ, ಗ್ಯಾಸ್ ಒಲೆ, ಪುಟ್ಟದೊಂದು ಸಿಂಕು, ಹಿಂದುಗಡೆ ಮರದ ಬೀರು. ಯಾವ ತೋಟದಲ್ಲಿ ಮದುವೆಯೋ, ಎಲ್ಲಿ ಕಾಫಿ ಕುಯ್ಲಿನ ಆಳುಗಳಿಗೆ ಅಡುಗೆಯಾಗಬೇಕೋ ಅಲ್ಲಿಗೆ ಮನೆಯನ್ನೇ ಓಡಿಸಿಕೊಂಡು ಹೋಗುತ್ತಾಳೆ. ಪೇಟೆಯ ಟೂರಿಸ್ಟುಗಳು ಇಂಥದೇ ಗಾಡಿಯಲ್ಲಿ ಮಲಗಿ ಫೋಟೋ ಹಾಕಿದರೆ ಆಹಾ ಅನ್ನುತ್ತಾರೆ. ಅದೇ ಕೆಂಚಮ್ಮ ಮಲಗಿದರೆ ತಲೆ ಕೆಟ್ಟಿದೆಯಂತೆ! ಯಾವ ನ್ಯಾಯ ಸ್ವಾಮಿ ಇದು?

ಅವಳ ಗಂಡ ಕರಿಯಪ್ಪ ಒಂದು ಎಸ್ಟೇಟಿನ ಜೀಪ್ ಡ್ರೈವರ್ ಆಗಿದ್ದ. ಅವಳು ಅದೇ ಎಸ್ಟೇಟಿನ ಬಂಗಲೆಯಲ್ಲಿ ಅಡುಗೆಯವಳು. ಮದುವೆಯಾದ ಹೊಸದರಲ್ಲಿ ಅವನು ಜೀಪು ಓಡಿಸುವುದು ಕಲಿಸುತ್ತೇನೆಂದು ಕೂರಿಸಿಕೊಂಡ, ಅವಳು ಸ್ಟೋರಿನ ಗೋಡೆಗೆ ಗುದ್ದಿದಳು, ಎಸ್ಟೇಟಿನ ಲೆಕ್ಕ ನೋಡುವ ರೈಟರ್ ಕೈಲಿ ಇಬ್ಬರೂ ಬೈಸಿಕೊಂಡರು. ಮಾರನೇ ದಿನ ಮತ್ತೆ ಸ್ಟೀರಿಂಗ್ ಹಿಡಿದಳು. ಕೆಂಚಮ್ಮ ಅಂದರೆ ಹಾಗೆ.

ಕರಿಯಪ್ಪ ತೀರಿಕೊಂಡ ಮೇಲೆ ಎಸ್ಟೇಟು ಬೇರೆಯವರ ಕೈಗೆ ಹೋಯಿತು. ಹೊಸಬರು ಕೆಲಸಗಾರರ ಲೈನ್ ಮನೆ ಬಿಡಿ ಅಂದರು. ಆಲೂರಿನಿಂದ ತಮ್ಮ ಯೋಗಾನಂದ ಓಡಿಬಂದ. "ನಮ್ಮನೇಲಿ ಒಂದು ರೂಮು ಖಾಲಿ ಐತೆ, ಬಾರಕ್ಕ" ಅಂದ. ಒಳ್ಳೆಯವನೇ ಪಾಪ. ಆದರೆ ಆ ರೂಮನ್ನು ಕೆಂಚಮ್ಮ ಕಂಡಿದ್ದಳು. ಅದರ ಬಾಗಿಲಿಗೆ ಒಳಗಡೆಯಿಂದ ಚಿಲಕವೇ ಇರಲಿಲ್ಲ. ಆ ಮನೆಯಲ್ಲಿ ಒಂದು ಲೋಟ ಕಾಫಿ ಬೇಕಾದರೂ ತಮ್ಮನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬರುವ ತನಕ ಕಾಯಬೇಕಿತ್ತು. ಊರಿಗೆಲ್ಲ ಬೇಯಿಸಿ ಹಾಕಿದ ಕೈ ಕಟ್ಟಿಕೊಂಡು ಕೂರುವುದು ಅವಳಿಂದಾಗದ ಮಾತು. ಬಂಗಲೆಯ ಹಳೇ ಧಣಿಗಳ ಮಗ ಸುತ್ತಾಡಲೆಂದು ಮಾಡಿಸಿ, ಬೇಜಾರಾಗಿ ಶೆಡ್ಡಿಗೆ ತಳ್ಳಿದ್ದ ಟೆಂಪೋವನ್ನು ಕೇಳಿ ಕೊಂಡುಕೊಂಡಳು.

"ಮನೆಗೆ ಯಾರಾದ್ರೂ ಚಕ್ರ ಇಟ್ಕೊಂಡವ್ರಾ? ಮಳೆ ಹಿಡೀಲಿ, ಗೊತ್ತಾಯ್ತದೆ" ಅಂದ ಯೋಗಾನಂದ.

"ಈ ಮಳೆಗಾಲ ಕಳೀಲಿ. ಗಾಡಿ ಕೈಕೊಟ್ರೆ ತುಟಿ ಪಿಟಿಕ್ಕನ್ನದೆ ನಿನ್ನ ಹಿಂದೆ ಬತ್ತೀನಿ. ಕೊಡದಿದ್ರೆ ಇನ್ಯಾವತ್ತೂ ಆ ರೂಮಿನ ಸುದ್ದಿ ಎತ್ತಬಾರ್ದು" ಅಂದಳು ಕೆಂಚಮ್ಮ.

ಗಾಡಿ ಕೈಕೊಟ್ಟಿತು. ಇಂಜಿನ್ನಿಗೆ ಮುಂದೆ ಒಂದು ಬ್ಯಾಟರಿ, ಮನೆಯ ದೀಪ, ನೀರಿನ ಪಂಪು, ಮೊಬೈಲಿಗೆಲ್ಲ ಮಂಚದ ಕೆಳಗೆ ಇನ್ನೊಂದು. ಈ ಇನ್ನೊಂದಕ್ಕೆ ಚಾರ್ಜು ಗಾಡಿಯ ಮೇಲಿನ ಸೋಲಾರ್ ಹಾಳೆಯಿಂದ. ಮುಂದಿನದಕ್ಕೆ ಏನೂ ಆಗಿರಲಿಲ್ಲ. ಮಂಚದ ಕೆಳಗಿನದು ಮಾತ್ರ ಮಳೆ ಶುರುವಾದ ಮೇಲೆ ಸಂಜೆಯಾಗುವಷ್ಟರಲ್ಲಿ ಉಸಿರು ಬಿಡತೊಡಗಿತು. ದೀಪ ಕೆಂಪಗಾಗುತ್ತಿತ್ತು, ಪಂಪು ಗೊರಗೊರ ಅಂದು ಸುಮ್ಮನಾಗುತ್ತಿತ್ತು. ಮೊಬೈಲು ಸತ್ತು ಎರಡು ದಿನ ಅಕ್ಕನ ಸುದ್ದಿ ಸಿಗದೆ ಹೋದಾಗ ಯೋಗಾನಂದ ಚೈತ್ರಶ್ರೀಗೆ ಫೋನು ಮಾಡಿದ. ವಿಷಯ ತಿಳಿದಿದ್ದೇ ತಡ, "ಭಾನುವಾರ ಪಿಕಪ್ ತತ್ತೀನಿ, ಸಾಮಾನು ಕಟ್ಟಿಡೋಕೆ ಹೇಳಿ" ಅಂದುಬಿಟ್ಟ.

ಕೆಂಚಮ್ಮ ಸಾಮಾನು ಕಟ್ಟಲಿಲ್ಲ. ಬ್ಯಾಟರಿ ಬಿಚ್ಚಿ ಚೈತ್ರಶ್ರೀಯ ಜೀಪಿಗೆ ಹಾಕಿಕೊಂಡು ಸಕಲೇಶಪುರಕ್ಕೆ ಹೋದಳು. ಬ್ಯಾಟರಿ ಅಂಗಡಿಯ ಭೂತಯ್ಯ ಅದನ್ನು ಇಟ್ಟುಕೊಂಡು, ಚಾರ್ಜು ಮಾಡಿ, ಒಂದು ದಿನ ಸುಮ್ಮನೆ ಬಿಟ್ಟು ಮತ್ತೆ ಮೀಟರ್ ಹಿಡಿದ. ತುಂಬಿದ್ದು ತುಂಬಿದ ಹಾಗೇ ಇತ್ತು. "ಬ್ಯಾಟ್ರಿಗೇನೂ ಬಂದಿಲ್ಲ ಕಣಮ್ಮ. ಗಾಡೀಲಿ ಏನೇನು ಉರುಸ್ತೀಯ?"

"ಎರಡು ದೀಪ. ಅದೂ ಮಲಗೋ ತನಕ. ಫ್ರಿಜ್ಜು ಈ ಚಳೀಲಿ ಯಾವನಿಗೆ ಬೇಕು, ಆಫ್ ಮಾಡಿವ್ನಿ."

ವಾಪಸ್ ತಂದು ಹಾಕಿದಳು. ಮಾರನೇ ಸಂಜೆಗೆ ಮತ್ತೆ ಅದೇ ಗೊರಗೊರ. ಕೆಂಚಮ್ಮನ ಪಿತ್ತ ನೆತ್ತಿಗೇರಿತು. ಮಂಜಿಗೆ ಬೈದಳು, ಮೇಲಿನ ಸೋಲಾರ್ ಹಾಳೆಗೆ ಬೈದಳು, ಬೆಳಗಾಗುತ್ತಲೇ ಅಂಗಡಿಗೆ ಹೋಗಿ ಭೂತಯ್ಯನಿಗೆ ನೇರವಾಗಿಯೇ ಬೈದಳು. "ಏನೂ ಬಂದಿಲ್ಲ ಅಂದ್ಯಲ್ಲ, ಹಂಗಾದ್ರೆ ಇದ್ಕೇನು ದೆವ್ವ ಹಿಡಿದೈತಾ? ಭಾನುವಾರ ನನ್ನನ್ನ ಹೊತ್ಕೊಂಡೋಗಕ್ಕೆ ಬತ್ತಾವ್ರೆ ಮಾರಾಯ!"

ಭೂತಯ್ಯ ಬೈಗುಳ ಮುಗಿಯುವವರೆಗೂ ಬ್ಯಾಟರಿಯನ್ನು ಚಾರ್ಜಿಗೆ ಹಾಕುವುದರಲ್ಲೇ ಇದ್ದ. ಚಾರ್ಜು ತುಂಬಿದ ಮೇಲೆ ವೈರು ಸಿಕ್ಕಿಸಿದ ಒಂದು ಬಲ್ಬನ್ನೂ ಅವಳ ಕೈಗಿಟ್ಟ. "ಬ್ಯಾಟ್ರಿ ತಗೊಂಡೋಗಿ ಹಾಕಿ, ಎಲ್ಲಾ ಸ್ವಿಚ್ಚೂ ಆಫ್ ಮಾಡು. ಒಂದು ಕಡೆ ವೈರು ಬಿಚ್ಚಿ, ಆ ವೈರಿಗೂ ಬ್ಯಾಟ್ರಿಗೂ ನಡುವೆ ಈ ಬಲ್ಬು ಹಿಡಿ. ಉರೀಲಿಲ್ವಾ, ಸರಿ, ತಪ್ಪು ನಂದೇ. ಉರೀತಾ, ಒಳಗ್ಯಾರೋ ಕರೆಂಟು ಕುಡೀತಾವ್ರೆ. ಆಗ ಒಂದೊಂದೇ ಫ್ಯೂಸು ಕಿತ್ಕೊಂಡು ಬಾ. ಯಾವ್ದು ಕಿತ್ತಾಗ ಆರ್ತದೋ ಕಳ್ಳ ಅಲ್ಲೇ ಅವ್ನೆ. ಇನ್ನೊಂದು ಮಾತು. ಬ್ಯಾಟ್ರಿ ತುಂಬಿದ್ದನ್ನ ಸೋರಿಸಲ್ಲ ನಿಜ, ಆದ್ರೆ ಪೂರ್ತಿ ಬರಿದಾಗಿ ಬರಿದಾಗಿ ಇದರ ಕಸು ಅರ್ಧ ಹೋಗ್ಬುಟ್ಟೈತೆ. ಇನ್ಮೇಲೆ ಜಾಸ್ತಿ ಭಾರ ಹೊರಿಸಬೇಡ."

ಕೆಂಚಮ್ಮ ಮಂಚದ ಹಲಗೆ ಎತ್ತಿ ಮಂಡಿಯೂರಿದಳು. ಎಲ್ಲವನ್ನೂ ಆರಿಸಿ ಬಲ್ಬು ಹಿಡಿದಳು. ಉರಿಯಿತು! ಮಂಕಾಗಿ, ಆದರೆ ಉರಿಯಿತು. ದೀಪದ ಫ್ಯೂಸು ಕಿತ್ತಳು, ಉರಿಯುತ್ತಲೇ ಇತ್ತು. ಪಂಪಿನದು, ಫ್ರಿಜ್ಜಿನದು, ಊಹೂಂ. ಕೊನೆಯದನ್ನು ಕಿತ್ತಾಗ ಪಕ್ಕನೆ ಆರಿತು. ಅದು ಹಿಂದುಗಡೆಯ ಫ್ಯೂಸು. ಹಿಂದುಗಡೆ ಏನಿದೆ, ಬೀರು ಬಿಟ್ಟರೆ? ಫ್ಯೂಸೂ, ಬಿಚ್ಚಿದ್ದ ವೈರೂ ವಾಪಸ್ ಹಾಕಿ ಬೀರಿನ ಬಾಗಿಲು ತೆಗೆದಳು.

ಒಳಗೆ ಬೆಚ್ಚಗಿತ್ತು. ಸೀರೆಗಳ ಕೆಳಗಿನ ಖಾನೆಯಲ್ಲಿ ಹಳೇ ಇಂಡಿಕೇಟರ್ ಬಲ್ಬೊಂದು ಉರಿಯುತ್ತಿತ್ತು.

ಮಳೆಗಾಲದಲ್ಲಿ ಆ ಕಡೆಯ ಯಾವ ಮನೆಯ ಬೀರು ತೆಗೆದರೂ ಒಳಗೊಂದು ಬಲ್ಬು ಇರುತ್ತದೆ. ಇಲ್ಲದಿದ್ದರೆ ಬಟ್ಟೆಯೆಲ್ಲ ಬೂಷ್ಟು ಹಿಡಿದು ಬೆಳ್ಳಗಾಗುತ್ತದೆ. ಬಂಗಲೆಯಲ್ಲಿ ಮಳೆ ಹಿಡಿದ ದಿನ ಬೀರಿಗೆ ಬಲ್ಬು ಹಾಕುವುದು ಕೆಂಚಮ್ಮನದೇ ಕೆಲಸವಾಗಿತ್ತು. ಇಲ್ಲೂ ಹಾಗೇ ಕೈ ತಾನಾಗಿ ಹಾಕಿತ್ತು. ಎಲ್ಇಡಿಯಲ್ಲಿ ಕಾವಿಲ್ಲವೆಂದು ಹಳೇ ಬಲ್ಬನ್ನೇ ಹುಡುಕಿ, ತಾನೇ ವೈರು ಎಳೆದಿದ್ದಳು. ಸ್ವಿಚ್ಚು ಕೂಡ ಇಟ್ಟಿರಲಿಲ್ಲ. ಮಳೆ ಬಿಡುವ ತನಕ ಅದನ್ನು ಆರಿಸುವವರು ಯಾರು? ಏನೇನು ಉರಿಸುತ್ತೀಯ ಅಂತ ಭೂತಯ್ಯ ಕೇಳಿದಾಗ ಅವಳು ಸುಳ್ಳು ಹೇಳಿರಲಿಲ್ಲ. ಅವಳ ಪ್ರಕಾರ ಅದು ದೀಪವೇ ಅಲ್ಲ.

"ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಅಂತ ಹಣೆ ಚಚ್ಚಿಕೊಂಡಳು. ಆಮೇಲೆ ಒಬ್ಬಳೇ ನಕ್ಕಳು. ನಗು ನಿಂತ ಮೇಲೆ ಭೂತಯ್ಯನ ಮಾತು ನೆನಪಾಯಿತು. ಅರ್ಧ ಕಸುವಿನ ಬ್ಯಾಟರಿ ಎರಡು ದೀಪ, ಪಂಪು, ಮೊಬೈಲು ಹೊತ್ತೀತು, ಹಗಲೂ ರಾತ್ರಿ ಈ ಬಲ್ಬನ್ನು ಹೊರಲಾರದು. ಬಲ್ಬು ಆರಿಸಿದರೆ ಧಾರೆ ಸೀರೆ ಬೂಷ್ಟು ಹಿಡಿಯುತ್ತದೆ, ಕರಿಯಪ್ಪನ ಉಣ್ಣೆ ಕೋಟೂ ಹಿಡಿಯುತ್ತದೆ. ಕೋಟಿನ ತೋಳು ಹಿಡಿದುಕೊಂಡು ಬಹಳ ಹೊತ್ತು ನಿಂತಳು. ಆಮೇಲೆ ಬಲ್ಬು ಕಿತ್ತಳು.

ಭಾನುವಾರ ಯೋಗಾನಂದ ಪಿಕಪ್ ತಂದ. ಹಗ್ಗ, ಟಾರ್ಪಾಲು ಎಲ್ಲಾ ತಂದಿದ್ದ. ಕೆಂಚಮ್ಮ ಅವನಿಗೆ ಬಿಸಿ ಕಡುಬು, ಕೋಳಿ ಸಾರು ಬಡಿಸಿ, ಮೇಲಿನ ದೀಪ ಹಾಕಿದಳು. ಫಳಫಳ ಉರಿಯಿತು. ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. ಅವನು ಬಿದ್ದು ಬಿದ್ದು ನಕ್ಕ. "ನೀನೇ ಬಲ್ಬು ಹಾಕಿ ನೀನೇ ಹುಡುಕ್ದೆ! ಇದಕ್ಕೇ ಅಕ್ಕ, ನಾನು ಹೇಳೋದು, ಒಬ್ಬಳೇ ಆಗಲ್ಲ ಅಂತ."

"ಹುಡುಕ್ದೋಳೂ ನಾನೇ ತಾನೆ? ಕೈಕೊಟ್ಟಿದ್ದು ನನ್ನ ಬುದ್ಧಿ, ಗಾಡಿ ಅಲ್ಲ" ಅಂದಳು ಕೆಂಚಮ್ಮ. "ಸಾಮಾನು ಕಟ್ಟಿಟ್ಟಿವ್ನಿ, ಹಾಕ್ಕೋ."

ಯೋಗಾನಂದನ ಮುಖ ಅರಳಿತು. ಎದ್ದು ನೋಡಿದರೆ ಬಾಗಿಲ ಬಳಿ ಒಂದೇ ಒಂದು ಟ್ರಂಕು.

"ಇಷ್ಟೇನಾ?"

"ಅಷ್ಟೇ. ನನ್ನ ರೇಷ್ಮೆ ಸೀರೆಗಳು. ರೂಮು ಖಾಲಿ ಐತೆ ಅಂದ್ಯಲ್ಲ, ಅಲ್ಲಿಟ್ಟು ಒಂದು ಬಲ್ಬು ಹಾಕು. ಅವಕ್ಕೆ ಒಳಗಿಂದ ಚಿಲಕ ಬೇಕಾಗಿಲ್ಲ."

ಯೋಗಾನಂದ ಟ್ರಂಕು ಎತ್ತಿ ಪಿಕಪ್ಪಿಗಿಟ್ಟು, ಅದೊಂದಕ್ಕೇ ಅಷ್ಟು ದೊಡ್ಡ ಟಾರ್ಪಾಲು ಹೊದಿಸಿದ. ಗಾಡಿ ಹತ್ತುವಾಗ ತಿರುಗಿ ಕೇಳಿದ. "ಭಾವನ ಕೋಟು ಎಲ್ಲಿ? ಅದೂ ಉಣ್ಣೇದು, ಬೂಷ್ಟು ಹಿಡೀತದೆ."

ಕೆಂಚಮ್ಮ ಗೂಟದಿಂದ ಕೋಟು ತೆಗೆದು ಸೀರೆಯ ಮೇಲೇ ತೊಟ್ಟುಕೊಂಡಳು. ತೋಳು ಉದ್ದವಾಗಿತ್ತು, ಮಡಚಿಕೊಂಡಳು.

"ತೊಟ್ಕೊಂಡು ಓಡಾಡೋದಕ್ಕೆ ಬೂಷ್ಟು ಹಿಡಿಯಲ್ಲ ಕಣೋ" ಅಂದಳು.